ಅಳದ ಮಗು

ಮಗಳು ಹುಟ್ಟಿದ ವರ್ಷ ನಾನು ಬಿ.ಎಡ್. ಪರೀಕ್ಷೆಗೆ ಓದುತ್ತಿದ್ದೆ. ಅತ್ತಾಗಲೆಲ್ಲ ಎತ್ತಿಕೊಂಡರೆ ಮಗು ಆಮೇಲೆ ಕೈಯಿಂದ ಇಳಿಯುವುದೇ ಇಲ್ಲ ಎಂದು ಯಾರೋ ಹೇಳಿದ್ದನ್ನು ಗಟ್ಟಿಯಾಗಿ ನಂಬಿದ್ದೆ. ಹಾಲು ಕುಡಿಸಿ, ಬಟ್ಟೆ ಬದಲಿಸಿ, ತೊಟ್ಟಿಲಲ್ಲಿ ಮಲಗಿಸಿ ಪುಸ್ತಕ ಹಿಡಿಯುತ್ತಿದ್ದೆ. ಹಂದನಕೆರೆಯ ನಮ್ಮ ಮನೆಯ ಹಿತ್ತಲಲ್ಲಿ ಪೊರಕೆಗೆ ತೆಂಗಿನ ಕಡ್ಡಿ ಸೀಳುತ್ತಾ ಕೂತಿರುತ್ತಿದ್ದ ಅತ್ತೆಗೆ ಆ ಅಳು ಸಹಿಸಲಾಗುತ್ತಿರಲಿಲ್ಲ.

"ಎತ್ಕಳೇ, ಮಗು ನಿನ್ನೇ ಕರೀತೈತೆ," ಎನ್ನುತ್ತಿದ್ದರು.

"ಬುಡಿ ಅತ್ತೆ, ಅತ್ತು ಅತ್ತು ತಾನೇ ಸುಮ್ಕಾಯ್ತದೆ. ನೀವೂ ಎತ್ಕಬೇಡಿ," ಎನ್ನುತ್ತಿದ್ದೆ ನಾನು.

ಕೆಲವು ವಾರಗಳಲ್ಲಿ ಅವಳು ನಿಜವಾಗಿಯೂ ಸುಮ್ಮನಾದಳು. ಎಚ್ಚರವಾದರೂ ಸೂರು ನೋಡುತ್ತಾ ಮಲಗಿರುತ್ತಿದ್ದಳು. ನನ್ನ ಮಗು ಅಳುವುದೇ ಇಲ್ಲ ಎಂದು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡೆ. ಆ ಮಾತು ಬಂದಾಗಲೆಲ್ಲ ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು.

ನಾಲ್ಕು ವರ್ಷದವಳಿದ್ದಾಗ ಒಮ್ಮೆ ಅಂಗಳದಲ್ಲಿ ತೆಂಗಿನ ಮಟ್ಟೆ ಎಡವಿ ಬಿದ್ದು ಮೊಣಕಾಲು ತರಚಿಕೊಂಡಳು. ನಾನು ಅಲ್ಲೇ ಬಟ್ಟೆ ಒಣಹಾಕುತ್ತಿದ್ದೆ. ಅವಳು ನನ್ನತ್ತ ತಿರುಗಿಯೂ ನೋಡಲಿಲ್ಲ. ತಾನೇ ನಲ್ಲಿಯ ಹತ್ತಿರ ಹೋಗಿ ರಕ್ತ ತೊಳೆದುಕೊಳ್ಳತೊಡಗಿದಳು. ಓಡಿಹೋಗಿ ಅವಳ ಮುಂದೆ ಕುಳಿತೆ.

"ಅಮ್ಮನ್ನ ಯಾಕವ್ವಾ ಕರೀಲಿಲ್ಲ?"

"ಕರದ್ರೆ ಬತ್ತಿದ್ಯಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವಂತೆ ಕೇಳಿದಳು. ಅತ್ತವಳು ನಾನು.

ಈಗ ಅವಳು ಹೈಸ್ಕೂಲಿನಲ್ಲಿದ್ದಾಳೆ. ಓದಿನಲ್ಲಿ ಜಾಣೆ, ಯಾರಿಗೂ ತೊಂದರೆ ಕೊಡುವವಳಲ್ಲ. ಜ್ವರ ಬಂದರೂ ಹೇಳದೆ ಬಸ್ಸು ಹತ್ತಿಬಿಡುತ್ತಾಳೆ. ಅದಕ್ಕೇ ದಿನವೂ ಬೆಳಿಗ್ಗೆ ಜಡೆ ಹೆಣೆಯುವಾಗ ಅವಳ ಹಣೆ ಮುಟ್ಟಿ ನೋಡುತ್ತೇನೆ.