ಚಪ್ಪಾಳೆ ದೀಪ ಮತ್ತು ಅವ್ವನ ರೊಟ್ಟಿ

ತೊಂಬತ್ತರ ದಶಕದಲ್ಲಿ ಕಲ್ಯಾಣದ ಒಂದು ಚಾಳಿನಲ್ಲಿ, ಒಂದೇ ಕೋಣೆಯ ಖೋಲಿಯಲ್ಲಿ ನಾವು ಬಾಡಿಗೆಗಿದ್ದೆವು. ಆ ಖೋಲಿಯ ಸ್ವಿಚ್ ಬೋರ್ಡು ಬಾಗಿಲ ಚೌಕಟ್ಟಿಗಿಂತಲೂ ಮೇಲಿತ್ತು. ಯಾವುದೋ ಮಳೆಗಾಲದಲ್ಲಿ ಹತ್ತಿರದ ಖಾಡಿ ಎಂಬ ಕಡಲ ಕಾಲುವೆಯ ನೀರು ಒಳಗೆ ನುಗ್ಗಿ ವೈರಿಂಗೆಲ್ಲ ಹಾಳಾದಾಗ ಮಾಲೀಕ ಸಿಟ್ಟಿನಿಂದ ಅದನ್ನು ಅಷ್ಟು ಮೇಲೆ ಹೊಡೆಸಿದ್ದನಂತೆ. ಆಮೇಲೆ ನೀರು ಅಷ್ಟೆತ್ತರ ಬರಲೇ ಇಲ್ಲ. ನಮ್ಮವ್ವನ ಕೈಯೂ ಅಲ್ಲಿಗೆ ಹೋಗಲಿಲ್ಲ.

ಅವ್ವ ವಿಜಾಪುರದ ಕಡೆಯಿಂದ ಬಂದು ನಮ್ಮ ಜೊತೆ ಇರತೊಡಗಿ ಎರಡು ವರ್ಷವಾಗಿತ್ತು. ಗಿಡ್ಡ ಆಳು, ಗತ್ತಿಗೆ ಮಾತ್ರ ಮಾಳಿಗೆ ಸಾಲದು. ಮೊಣಕಾಲು ನೋವು ಬೇರೆ, ಕೂತರೆ ಏಳುವುದು ಕಷ್ಟ. ನಾನು ತುರ್ಭೆಯ ಕಾರ್ಖಾನೆಗೆ, ಹೆಂಡತಿ ವಾಶಿಯ ಪ್ಯಾಕಿಂಗ್ ಕೆಲಸಕ್ಕೆ ಬೆಳಿಗ್ಗೆಯೇ ಬಸ್ಸು ಹತ್ತುತ್ತಿದ್ದೆವು. ನಮ್ಮ ಒಂದೇ ಕಿಟಕಿ ಪಕ್ಕದ ಕಟ್ಟಡದ ಗೋಡೆಯನ್ನು ನೋಡುತ್ತಿದ್ದುದರಿಂದ ನಡುಮಧ್ಯಾಹ್ನವೂ ಒಳಗೆ ಕತ್ತಲೆ. ದೀಪ ಹಚ್ಚಿಟ್ಟು ಹೋಗುತ್ತೇವೆ ಎಂದರೆ ಅವ್ವ ಒಪ್ಪುತ್ತಿರಲಿಲ್ಲ. ಸುಮ್ಮನೆ ಉರಿಯುವ ದೀಪ ಕಂಡರೆ ಅವಳಿಗೆ ಮೈಯೇ ಉರಿಯುತ್ತಿತ್ತು. ಹಾಗಾಗಿ ಹೊತ್ತು ಹೊತ್ತಿಗೆ ಸ್ಟೂಲು ಹತ್ತಿ ತಾನೇ ಹಚ್ಚಿ, ತಾನೇ ಆರಿಸುತ್ತಿದ್ದಳು. ಒಂದು ಸೋಮವಾರ ಸ್ಟೂಲು ವಾಲಿತು, ಅವ್ವ ಬಿದ್ದಳು. ಮೂಳೆ ಮುರಿಯಲಿಲ್ಲ. ಮಣಿಕಟ್ಟು ಬಾತಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ದೀಪ ಹಚ್ಚಾಕ ಮಂದೀನ ಕಾಯೂ ಮನಿ ನನಗ ಬ್ಯಾಡ. ಬರೂ ರವಿವಾರ ನನ್ನ ಊರ ಗಾಡಿ ಹತ್ತಸು" ಎಂದಳು.

ಊರಿನಲ್ಲಿ ಅಣ್ಣನ ಮನೆ ಇತ್ತು, ಅಲ್ಲಿ ಸ್ವಿಚ್ಚುಗಳು ಕೈಗೆಟುಕುವಂತಿದ್ದವು. ನನಗೆ ಮಾತ್ರ ಅವಳು ಹೋಗುವುದು ಬೇಡವಾಗಿತ್ತು. ಇಡೀ ದಿನ ಹಿಂದಿ, ಮರಾಠಿ ಮಾತಾಡಿ ಬಂದವನನ್ನು ಬಾಗಿಲಲ್ಲೇ ನಮ್ಮೂರ ಮಾತಿನಲ್ಲಿ ಬೈಯಲು ಈ ಕಲ್ಯಾಣದಲ್ಲಿ ಮತ್ತ್ಯಾರಿದ್ದರು? ಹೆಂಡತಿ ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಬೈಗುಳ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು.

ಅವಳು ಬೋರ್ಡು ತೋರಿಸಿ, "ಅಹೋ, ಸ್ವಿಚ್ ನೀಚೇ ಲಗಾ ದೋ ನಾ. ಬಸ್, ಹೋ ಗಯಾ" ಎಂದಳು.

ನನಗೆ ಸಿಟ್ಟು ಬಂತು. ಸರಿಯಾದ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಎರಡು ಮೊಳ ವೈರು ಎಳೆದು ಸ್ವಿಚ್ಚು ಕೆಳಗಿಳಿಸುವುದು ಯಾವ ವೈರ್‌ಮನ್ನನಾದರೂ ಮಾಡುವ ಕೆಲಸ. ನಾನು ಎಲೆಕ್ಟ್ರಾನಿಕ್ಸಿನ ಹುಚ್ಚು ಹತ್ತಿದವನು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ.

ಅಂದೇ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂಬದಿಯಲ್ಲಿ ಇಡೀ ಖೋಲಿಯ ನಕ್ಷೆ ಬರೆದೆ. ನಳಕ್ಕೆ ನೀರು ಬಂದರೆ ಗಂಟೆ ಬಾರಿಸಬೇಕು, ಹಾಲು ಉಕ್ಕುವ ಮೊದಲೇ ಪೀಪಿ ಊದಬೇಕು, ಹೊತ್ತು ಮುಳುಗಿದ ಕೂಡಲೇ ದೇವರ ಮುಂದಿನ ಪುಟ್ಟ ಬಲ್ಬು ತಾನಾಗಿ ಹತ್ತಬೇಕು. ಎಲ್ಲಕ್ಕೂ ಕೆಂಪು ಪೆನ್ಸಿಲಿನಲ್ಲಿ ಬಾಣ ಎಳೆದಿದ್ದೆ. ಹತ್ತಡಿ ಖೋಲಿಯಲ್ಲಿ ಅಷ್ಟು ಬಾಣಗಳು ಸೇರಿ ನಾವು ಮೂವರು ಎಲ್ಲಿ ಮಲಗುವುದು ಎಂಬುದೇ ಕಾಣದಾಯಿತು. ಹರಿದದ್ದು ನಡೆಯುತ್ತಿದ್ದ ತಿಂಗಳ ಹಾಳೆಯಾದ್ದರಿಂದ ಹೆಂಡತಿಯ ಸಂಕಷ್ಟಿಯ ಉಪವಾಸ ಒಂದು ದಿನ ತಡವಾಗಿ ನಡೆಯಿತು. ಅದರ ಬಗ್ಗೆ ಇಂದಿಗೂ ಅವಳ ಬೈಗುಳ ಕೇಳುತ್ತಿದ್ದೇನೆ.

ರವಿವಾರದೊಳಗೆ ಇಷ್ಟೆಲ್ಲ ಆಗದೆಂದು ನನಗೂ ಗೊತ್ತಿತ್ತು. ಅದಕ್ಕೇ ಅವ್ವನ ಕೆಲಸವೊಂದನ್ನೇ ಹಿಡಿದೆ. ಒಂದು ಚಪ್ಪಾಳೆಗೆ ದೀಪ ಹತ್ತಬೇಕು, ಇನ್ನೊಂದಕ್ಕೆ ಆರಬೇಕು. ಚಿಕ್ಕ ಮೈಕು ಸದ್ದು ಹಿಡಿಯುತ್ತದೆ, ರಿಲೇ ಎಂಬ ಪುಟ್ಟ ಸ್ವಿಚ್ಚು ಕಟಕ್ ಎಂದು ದೀಪವನ್ನು ಹಚ್ಚುತ್ತದೆ, ಇಲ್ಲವೇ ಆರಿಸುತ್ತದೆ. ಮೂರು ಸಂಜೆ ಬೆಸುಗೆ ಹಾಕಿ, ಬೆರಳು ಸುಟ್ಟುಕೊಂಡು, ಎಲ್ಲವನ್ನೂ ಒಂದು ಸೋಪಿನ ಡಬ್ಬಿಯಲ್ಲಿ ಕೂರಿಸಿ ಒಲೆಯ ಪಕ್ಕದ ಗೋಡೆಗೆ ಜಡಿದೆ. ಅವ್ವ ಹೆಚ್ಚು ಹೊತ್ತು ಕೂರುವುದು ಅಲ್ಲೇ ಅಲ್ಲವೇ? ಕುಕ್ಕರಿನ ಸೀಟಿ, ಮಿಕ್ಸರು, ನಲ್ಲಿಯ ಮುಂದಿನ ಜಗಳ, ಎಲ್ಲದರ ಎದುರೂ ಪರೀಕ್ಷಿಸಿದೆ. ದೀಪ ಮಿಸುಕಲಿಲ್ಲ.

ಶನಿವಾರ ಸಂಜೆ ಚಾಳಿನ ನಾಲ್ಕೈದು ಹೆಂಗಸರನ್ನು ಕರೆದು ಪ್ರದರ್ಶನ ಇಟ್ಟೆ. ಅವ್ವ ಸೆರಗು ಸರಿಮಾಡಿಕೊಂಡು ಒಂದು ಚಪ್ಪಾಳೆ ತಟ್ಟಿದಳು. ದೀಪ ಝಗ್ಗನೆ ಹತ್ತಿತು. "ಅಗ ಬಾಈ!" ಎಂದು ಬಂದವರೆಲ್ಲ ಖುಷಿಯಿಂದ ಚಪ್ಪಾಳೆ ಹೊಡೆದರು, ದೀಪ ಆರಿತು. ಅವ್ವ ಮತ್ತೆ ಹಚ್ಚಿದಳು, ಅವರು ಮತ್ತೆ ಮೆಚ್ಚಿದರು, ಮತ್ತೆ ಕತ್ತಲೆ. ಕೊನೆಗೆ ನಾನು, "ದಯವಿಟ್ಟು ಕೈ ಕಟ್ಟಿಕೊಂಡು ಹೊಗಳಿ" ಎಂದು ಮರಾಠಿಯಲ್ಲಿ ಕೈಮುಗಿದು ಬೇಡಿಕೊಂಡು ಮತ್ತೆ ದೀಪ ಹಚ್ಚಿದೆ.

"ಇದು ಯಾರ ಚಪ್ಪಾಳಿಗೂ ಕುಣೀತದಲ್ಲೋ" ಎಂದು ಅವ್ವ ಮೂಗು ಮುರಿದಳು. ಮೂಲೆಗೆ ಹೋಗಿ ಸೀರೆಗಳನ್ನು ಟ್ರಂಕಿಗೆ ತುಂಬಿ ಮುಚ್ಚಳ ಧಡ್ ಎಂದು ಹಾಕಿದಳು. ಆ ಸದ್ದಿಗೂ ದೀಪ ಆರಿತು. ಹೆಂಡತಿ ಬೋರ್ಡಿನ ಕಡೆ ನೋಡಿದಳು, ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ರವಿವಾರ ಮಧ್ಯಾಹ್ನ ಸೋಲಾಪುರದ ಕಡೆಯ ಗಾಡಿ. ಅವ್ವನ ಕೈಯ ಬಾವು ಇಳಿದಿತ್ತು. ದಾರಿಗೆ ರೊಟ್ಟಿ ಬೇಕೆಂದು ಒಲೆಯ ಮುಂದೆ ಕೂತು, ಜೋಳದ ಹಿಟ್ಟು ನಾದಿ, ಪರಾತದ ಅಗಲ ತಟ್ಟೆಯಲ್ಲಿ ಮೊದಲ ರೊಟ್ಟಿ ಬಡಿದಳು.

ದೀಪ ಆರಿತು. ಹತ್ತಿತು. ಆರಿತು, ಹತ್ತಿತು, ಆರಿತು. ರಿಲೇ ಕಟಕಟ ಹಲ್ಲು ಕಡಿಯತೊಡಗಿತು. ಎದುರು ಖೋಲಿಯಾಕೆ ಶಾರ್ಟ್ ಸರ್ಕಿಟ್ ಎಂದು ಕೂಗುತ್ತ ಮಗುವನ್ನೆತ್ತಿಕೊಂಡು ಅಂಗಳಕ್ಕೆ ಓಡಿದಳು. ಆಗ ನನ್ನ ತಲೆಗೆ ಹೊಳೆಯಿತು. ಅವ್ವನ ಕೈ ಬಾತ ಆ ವಾರವೆಲ್ಲ ಹೆಂಡತಿ ಚಪಾತಿ ಮಾಡಿದ್ದಳು, ಚಪಾತಿ ಲಟ್ಟಿಸಿದರೆ ಸದ್ದಿಲ್ಲ. ಜಗತ್ತಿನ ಎಲ್ಲ ಸದ್ದುಗಳನ್ನೂ ಲೆಕ್ಕಕ್ಕೆ ಹಿಡಿದಿದ್ದೆ. ಜೋಳದ ರೊಟ್ಟಿ ತಿಂದೇ ಬೆಳೆದ ನಾನು ರೊಟ್ಟಿಯ ಸದ್ದನ್ನೇ ಮರೆತಿದ್ದೆ.

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇಕ್ಕಳ ಹಿಡಿದು, "ಇದನ್ನ ಕಿತ್ತು ಖಾಡಿಗೆ ಒಗೀತೀನಿ" ಎಂದು ಮುಂದೆ ಬಂದೆ.

"ಕೈ ಹಚ್ಚಬ್ಯಾಡ!" ಅವ್ವ ಹಿಟ್ಟಿನ ಕೈ ಎತ್ತಿ ತಡೆದಳು. "ಕಡೀಗೆ ಆರಿದ್ರ ಇನ್ನೊಂದ ಬಡದ್ರಾತು. ಅದಕ್ಯಾಕ ಇಷ್ಟು ಗೋಳು?"

ಹಾಗೆಯೇ ಮಾಡಿದಳು. ಪಟಪಟ ಬಡಿದು ತಲೆಯೆತ್ತಿ ನೋಡುವಳು. ದೀಪ ಆರಿದ್ದರೆ ರೊಟ್ಟಿಗೆ ಇನ್ನೊಂದು ಏಟು, ದೀಪ ಹತ್ತಿದೊಡನೆ ರೊಟ್ಟಿ ಹೆಂಚಿಗೆ. ನಾಲ್ಕನೆಯ ರೊಟ್ಟಿಯ ಹೊತ್ತಿಗೆ ಅವಳ ಮುಖದಲ್ಲಿ ನಗು ಇತ್ತು. ಹತ್ತನೆಯದಕ್ಕೆ ಅವಳು ದೀಪದ ಕಡೆ ನೋಡುತ್ತಲೂ ಇರಲಿಲ್ಲ. ನನ್ನ ಮೂರು ಸಂಜೆಯ ವಿದ್ಯೆ ಅವಳಿಗೆ ಹತ್ತು ರೊಟ್ಟಿಯಲ್ಲಿ ಬಂದಿತ್ತು.

ಹೊರಡುವ ಹೊತ್ತಾಯಿತು. ನಾನು ಟ್ರಂಕು ಎತ್ತಿ ಬಾಗಿಲಿಗೆ ತಂದೆ. ರಿಕ್ಷಾ ಕರೆಯುವುದು ಬಿಟ್ಟು ಟ್ರಂಕಿನ ಚಿಲಕವನ್ನೇ ಮತ್ತೆ ಮತ್ತೆ ಸರಿಮಾಡುತ್ತ ನಿಂತೆ. ಹಿಂದಿನಿಂದ ತಾಟುಗಳ ಸದ್ದು ಕೇಳಿ ತಿರುಗಿದೆ. ಅವ್ವ ರೊಟ್ಟಿ ಕಟ್ಟಿದ್ದ ಅರಿವೆಯ ಗಂಟು ಬಿಚ್ಚಿ ಮೂರು ತಾಟಿಗೆ ಬಡಿಸುತ್ತಿದ್ದಳು.

"ಗಾಡ್ಯಾಗ ಉಣ್ಣಾಕಂತ ಮಾಡಿದ್ದಲ್ಲೇನವಾ?"

"ಗಾಡ್ಯಾಗಿನ ದೀಪ ನನ್ನ ಮಾತು ಕೇಳತದೇನು? ಟ್ರಂಕ ಒಳಗಿಡು. ಬಿಸಿ ಅದಾವ, ಕೂಡ್ರಿ."

ಹೆಂಡತಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದರೆ ಹಸಿಮೆಣಸಿನಕಾಯಿಯ ಖಾರ ಎಂದಳು. ನನಗಂತೂ ಖಾರ ಮುಟ್ಟುವ ಮೊದಲೇ ಕಣ್ಣು ತುಂಬಿತ್ತು. ಮೂವರೂ ಕೂತು ಉಂಡೆವು. ಅವ್ವ ಮೊದಲು ಮುಗಿಸಿ, ಕೈ ತೊಳೆದು, ನಾವಿನ್ನೂ ಎರಡನೆಯ ರೊಟ್ಟಿಯಲ್ಲಿರುವಾಗಲೇ ಒಂದು ಚಪ್ಪಾಳೆ ಹೊಡೆದಳು. ಖೋಲಿ ಕತ್ತಲಾಯಿತು.

"ಅವ್ವಾ, ನಾವಿನ್ನೂ ಉಣ್ಣಾಕತ್ತೀವಿ!"

"ಬಾಯಿ ಎಲ್ಲೈತಿ ಅಂತ ಕೈಗೆ ಗೊತ್ತೈತಿ" ಎಂದಳು ಅವ್ವ ಕತ್ತಲಲ್ಲಿ. "ಸುಮ್ಮನ ಕರೆಂಟ ಯಾಕ ಸುಡಬೇಕು?"