ಮಾಡಗ್ಯಾಳದ ಟಗರೂ ನನ್ನ ಆರೋಗ್ಯದ ಪಾಠವೂ

ಮಹಾರಾಷ್ಟ್ರದ ಗಡಿಯೊಳಗಿನ ಜತ್ತಿನ ಕಾಲೇಜೊಂದರಲ್ಲಿ ಪದವಿ ತರಗತಿಗೆ ಸಾರ್ವಜನಿಕ ಆರೋಗ್ಯ ಕಲಿಸುವುದು ನನ್ನ ಕೆಲಸ. ರೋಗ ಬಂದ ಮೇಲೆ ಡಾಕ್ಟರು ನೋಡಿಕೊಳ್ಳುತ್ತಾರೆ, ಬರದ ಹಾಗೆ ನೋಡಿಕೊಳ್ಳುವವರು ನಾವು ಎಂದು ಪ್ರತಿ ವರ್ಷ ಎದೆಯುಬ್ಬಿಸಿ ಶುರು ಮಾಡುತ್ತೇನೆ. "ಅಂದ್ರ ಗಟಾರಕ್ಕ ಪೌಡರ್ ಹೊಡ್ಯಾವ್ರೇನ್ರಿ ಮ್ಯಾಡಮ್?" ಎಂದು ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ. ಪೊಲೀಸ್ ನೇಮಕಾತಿಯ ತಯಾರಿಗೆಂದು ನಸುಕಿನಲ್ಲಿ ಓಟ ಮುಗಿಸಿ ಬಂದು ನನ್ನ ಪಾಠದಲ್ಲಿ ನಿದ್ದೆ ಮಾಡುವ ಆ ಬೆಂಚಿನವರು ಇದೊಂದಕ್ಕೆ ಮಾತ್ರ ಎಚ್ಚರಾಗುತ್ತಾರೆ.

ಒಂದು ವರ್ಷ ಆರೋಗ್ಯದ ಅಸಮಾನತೆಯ ಪಾಠ ನಡೆದಿತ್ತು. ಶ್ರೀಮಂತ ದೇಶ, ಬಡ ದೇಶ ಎಂದು ಪರದೆಯ ಮೇಲೆ ಚಿತ್ರ ತೋರಿಸಿದೆ. ಒಬ್ಬರೂ ಕಣ್ಣೆತ್ತಲಿಲ್ಲ. ನನಗೆ ಸಿಟ್ಟು ಬೇಗ. ಪರದೆ ಆಫ್ ಮಾಡಿ, "ನಿಮ್ಮ ಮನ್ಯಾಗ ಎಲ್ಲಾರ್ಕಿಂತ ಚಲೋ ತಿನ್ನಾವ್ರು ಯಾರು? ಅದನ್ನರ ಹೇಳ್ರಿ" ಎಂದೆ. ಅಪ್ಪ, ಅಣ್ಣ ಎಂಬ ಉತ್ತರ ಬಂದರೆ ಹಿಡಿದು ಜಾಡಿಸೋಣ ಎಂದು ಕಾಯುತ್ತಿದ್ದೆ. ಮಾಡಗ್ಯಾಳದ ಕಡೆಯ ಹುಡುಗಿಯೊಬ್ಬಳು ಎದ್ದು, "ಟಗರ್ರಿ" ಎಂದಳು.

ತರಗತಿ ನಕ್ಕಿತು, ಆದರೆ ಯಾರೂ ಅಲ್ಲಗಳೆಯಲಿಲ್ಲ. ಅಲ್ಲಿಯ ಕುರಿ ತಳಿಗೆ ಊರಿನದೇ ಹೆಸರು. ಗಿಳಿಮೂಗಿನ ಟಗರೊಂದು ಅಂಗಳದಲ್ಲಿದ್ದರೆ ಯಜಮಾನನ ಮೀಸೆ ತಾನಾಗಿ ಮೇಲೇರುತ್ತದೆ. ಇವಳ ಮನೆಯಲ್ಲಿ ಎಮ್ಮೆಯ ಹಾಲು ಮೊದಲು ಅದಕ್ಕಂತೆ, ಉಳಿದದ್ದು ಮನೆಯವರಿಗೆ.

"ಮತ್ತ ಅವ್ವಗ?" ಎಂದೆ.

"ಅವ್ವಗ ಉಳಿಯೂದಿಲ್ರಿ. ತಲಿ ತಿರಗತೈತಿ ಅಂತ ಬಾಗಲಾ ಹಿಡಕೊಂಡ ನಿಂದರ್ತಾಳ."



ವರ್ಷದ ಕೊನೆಗೆ ಅದೇ ಹುಡುಗಿ, ಇದನ್ನೇ ಓದಲು ಪುಣೆಗೆ ಹೋಗುತ್ತೇನೆ ಎಂದಳು. ಇಷ್ಟು ವರ್ಷಗಳ ಪಾಠಕ್ಕೆ ಸಿಕ್ಕ ಮೊದಲ ಗಿರಾಕಿ! ಅಪ್ಪ ಮಾತ್ರ ಬಿಲ್ಕುಲ್ ಬೇಡ ಅಂದಿದ್ದ. ಅರ್ಜಿ ಹಾಕುವ ದಿನಗಳು ಮುಗಿಯುತ್ತ ಬಂದಿದ್ದವು. ನಾನೇ ಒಪ್ಪಿಸುತ್ತೇನೆಂದು ಒಂದು ರವಿವಾರ ಸ್ಕೂಟಿ ಹತ್ತಿದೆ.

ಅಂಗಳಕ್ಕೆ ಕಾಲಿಡುತ್ತಿದ್ದಂತೆ ಅಪ್ಪ, "ಬರ್ರಿ ಬರ್ರಿ, ಮೊದಲ ಟಗರ ನೋಡ್ರಿ, ಆಮ್ಯಾಲ ಚಾ" ಎಂದು ಸೀದಾ ಅದರ ಮುಂದೆ ನಿಲ್ಲಿಸಿದ. ಆ ಮನೆಗಳಲ್ಲಿ ರಿವಾಜೇ ಹಾಗೆ, ಬಂದವರು ಮೊದಲು ಟಗರನ್ನು ಹೊಗಳಬೇಕು. ನನಗೋ ನಾಲ್ಕು ಕಾಲಿನದೆಂದರೆ ಜೀವ ಬಾಯಿಗೆ ಬರುತ್ತದೆ. ದೂರದಿಂದಲೇ "ಮೂಗ ಭಾಳ ಚಲೋ ಐತ್ರಿ" ಎಂದೆ. ಅಷ್ಟಕ್ಕೇ ಕರಗಿಹೋದ. ಮಳೆಗಾಲಕ್ಕೆ ಮೊದಲು ಜಂತಿನ ಔಷಧ, ಹೊತ್ತಿಗೆ ಸರಿಯಾಗಿ ಸೂಜಿ, ಹಾಲು, ಕಡಲೆ, ಎಲ್ಲ ಬಣ್ಣಿಸಿದ.

ಚಹಾ ಬಂತು. ನಾನು ಮಾತು ತೆಗೆದೆ.

"ಇದನ್ನ ಕಲತ ಏನ್ ಮಾಡ್ತಾಳ್ರಿ?" ಎಂದ.

"ಮಂದಿಗೆ ಜಡ್ಡ ಬರದಂಗ ನೋಡ್ಕೋತಾಳ್ರಿ."

"ಜಡ್ಡ ಬರೂಕಿಂತ ಮೊದಲ ಯಾರ್ ರೊಕ್ಕಾ ಕೊಡ್ತಾರ್ರಿ?"

ನಾನು ಕಾಯುತ್ತಿದ್ದದ್ದೇ ಇದಕ್ಕೆ. "ನೀವ ಕೊಟ್ಟೀರಲ್ಲ, ಟಗರಿಗೆ!" ಎಂದು ಗೆದ್ದವಳ ಹಾಗೆ ಚಹಾ ಹೀರಿದೆ.

ಅವನಿಗೆ ಒಂದಿಷ್ಟೂ ಬೇಸರವಾಗಲಿಲ್ಲ. ಚಿಕ್ಕ ಮಕ್ಕಳಿಗೆ ತಿಳಿಹೇಳುವ ಹಾಗೆ, "ಅದರ ಮಾತ ಬ್ಯಾರೇರಿ ಮ್ಯಾಡಮ್. ಅದನ್ನ ಮಾರೂದೈತಿ" ಎಂದ.

ಇದಕ್ಕೆ ಉತ್ತರ ನನ್ನ ಇಡೀ ಪಠ್ಯಕ್ರಮದಲ್ಲೇ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಉತ್ತರ ಕೊಟ್ಟಳು. "ಹಂಗಾರ ನನ್ನೂ ಒಮ್ಮಿ ಸಂತಿಗಿ ಹೊಡಕೊಂಡ ಹೋಗ್ರಿ. ಮಾರೂ ತನಕಾದ್ರೂ ಒಂದ ವಾಟಿ ಹಾಲ ಸಿಕ್ಕಾವು."

ಚಹಾ ನನ್ನ ನೆತ್ತಿಗೇರಿತು. ಕೆಮ್ಮುತ್ತಲೇ ನಕ್ಕೆ. ಮಗಳೂ ನಕ್ಕಳು, ಆಕೆಯೂ ನಕ್ಕಳು, ಬಾಗಿಲು ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ. ಅವನೂ ನಗಲು ಹೋದ, ಆಗಲಿಲ್ಲ. ಹೆಂಡತಿಯ ಆ ಕೈಯನ್ನೇ ನೋಡುತ್ತ ಕೂತ. ನನಗೂ ನಕ್ಕದ್ದಕ್ಕೆ ಸಂಕಟವಾಯಿತು.

"ಮಗಳ ಹೋಗ್ತಾಳ್ರಿ, ಅರ್ಜಿ ಹಾಕ್ಸ್ರಿ" ಎಂದು ಆಕೆ ನನಗೆ ಹೇಳಿದಳು. ಅವನು ಬೇಡ ಅನ್ನಲಿಲ್ಲ.

ನನ್ನನ್ನು ಕಳಿಸಲು ಸ್ಕೂಟಿಯ ತನಕ ಬಂದ. "ಮ್ಯಾಡಮ್, ಅಕಿ ಕಲತ ಬರೂದಕ್ಕ ಭಾಳ ದಿನಾ ಹಿಡಿತೈತಲ್ರಿ. ಅಲ್ಲಿತನಕ ಅಕಿ ಅವ್ವಗ ಏನ್ ಮಾಡ್ಲಿ?" ಎಂದು ಕೇಳಿದ.

"ದವಾಖಾನಿಗೆ ಕರಕೊಂಡ ಬರ್ರಿ, ರಕ್ತ ತಪಾಸಣಿ ಮಾಡಸೂಣು" ಎಂದೆ.

ಮಾತು ಮುಗಿಯುವುದರೊಳಗೆ ಒಳಗೆ ಓಡಿದ. ಇವತ್ತು ರವಿವಾರ, ನಾಳೆ ಬರ್ರಿ ಎಂದು ಹಿಂದಿನಿಂದ ಕೂಗಿದೆ. ಅವನಿಗೆ ಕೇಳಿಸಲೇ ಇಲ್ಲ. ಲಗೂನ ಚಲೋ ಸೀರಿ ಉಟಗೋ ಎಂದು ಹೆಂಡತಿಗೆ ಅವಸರ ಮಾಡುತ್ತಿದ್ದ.