ಕಟ್ಟೆ ಹತ್ತಿದ ಭಾನುವಾರ

ಭಾನುವಾರ ಬೆಳಿಗ್ಗೆ ಯಶವಂತಪುರದಿಂದ ಹೊರಟೆ. ಮಂಡಲ ಪಂಚಾಯ್ತಿಗಳು ಆಗಷ್ಟೇ ಬಂದಿದ್ದ ಕಾಲ. ಊರಿನ ಮತದಾರರೆಲ್ಲ ಸೇರಿ ಗ್ರಾಮಸಭೆ ನಡೆಸಬೇಕೆಂದು ಕಾನೂನಾಗಿತ್ತು. ಧಾರವಾಡ ಬಿಟ್ಟು ಬಂದು ಕಾರ್ಖಾನೆ ಸೇರಿದ್ದ ನನಗೆ ಅದನ್ನು ಕಣ್ಣಾರೆ ನೋಡುವ ಆಸೆ. ಪಕ್ಕದ ಮೇಜಿನಲ್ಲಿ ಕೆಲಸ ಮಾಡುವ ಶಾಂತಮ್ಮ ಕರೆದಿದ್ದಳು. ಅವಳ ಊರು ಅಟ್ಟೂರಿನ ಆಚೆ. ಊರಿನ ಹೆಸರು ಬರೆಯುವುದಿಲ್ಲ, ಅವಳು ಅಲ್ಲೇ ಬಾಳಬೇಕು.

ಹೆಬ್ಬಾಳದಲ್ಲಿ ಬಸ್ಸು ಬದಲಿಸಿದೆ. ಟಿಕೆಟ್ಟು ಅಗ್ಗ, ಸೀಟು ಮಾತ್ರ ಸಿಗಲಿಲ್ಲ. ಕೊಡಿಗೇಹಳ್ಳಿ ದಾಟಿದ ಮೇಲೆ ದ್ರಾಕ್ಷಿ ತೋಟ, ಜಕ್ಕೂರಿನ ಮೇಲೆ ಒಂದು ಪುಟ್ಟ ವಿಮಾನ, ಆಷಾಢದ ಗಾಳಿಗೆ ಕಣ್ಣು ತುಂಬ ಧೂಳು. ಯಲಹಂಕದಲ್ಲಿ ಇಳಿದು ಬಿಸಿ ವಡೆ ತಿಂದು ಒಂದೆರಡು ಮೈಲಿ ನಡೆದೆ.

ಆ ವರ್ಷ ಊರಿಗೆ ಒಂದೇ ಕೊಳವೆ ಬಾವಿ ಮಂಜೂರಾಗಿತ್ತು. ಮೇಲಿನ ಬೀದಿಯಲ್ಲಿ ಆಗಲೇ ಬಾವಿಗಳಿದ್ದವು. ಆದರೂ ಅಲ್ಲೇ ಮನೆಯಿದ್ದ ಮಂಡಲದ ಮುಖ್ಯಸ್ಥರು, ಪ್ರಧಾನರಿಗೆ, ಇದೂ ತಮ್ಮ ಬೀದಿಗೇ ಬೇಕು. ಶಾಂತಮ್ಮನ ಕೆಳಗಿನ ಬೀದಿಯವರು ಕೆರೆಯಿಂದ ನೀರು ಹೊರಬೇಕು. "ಇವತ್ತಿನ್ ಸಭೇಲಿ ಬಾವಿ ತಪ್ಪಿದ್ರೆ ನನ್ ಸೊಂಟ ಮುರ್ದಂಗೇ ಕಣಕ್ಕಾ" ಎನ್ನುತ್ತ ಅವಳು ಮುದ್ದೆ, ಹುರುಳಿ ಸಾರು ಬಡಿಸಿದಳು.

ಸಭೆ ಅರಳಿಕಟ್ಟೆಯಲ್ಲಿ. ಗಂಡಸರು ಕಟ್ಟೆಯ ಮೇಲೆ ಕೂರುವುದು, ಹೆಂಗಸರು ಕೆಳಗೆ ನಿಂತು ಕೇಳುವುದು ಅಲ್ಲಿಯ ವಾಡಿಕೆ. ಮೇಲಿನ ಬೀದಿಗೆ ಒಪ್ಪಿಗೆಯೇ ಎಂದು ಪ್ರಧಾನರು ಕೈ ಎತ್ತಿಸಿದರು. ಕಾರ್ಯದರ್ಶಿ ಕಟ್ಟೆಯ ಮೇಲಿನ ಕೈಗಳನ್ನಷ್ಟೇ ಎಣಿಸಿ "ಬಹುಮತ" ಎಂದ.

"ನಮ್ಮನ್ನ ಕೇಳ್ಲೇ ಇಲ್ವಲ್ಲ ಸ್ವಾಮಿ?" ಶಾಂತಮ್ಮ ಕೂಗಿದಳು.

ಪ್ರಧಾನರು ನಕ್ಕರು. "ಯಜಮಾನ ಕೈ ಎತ್ತಿದ್ರೆ ಮನೆಯೋರೆಲ್ಲ ಎತ್ತಿದಂಗೇ ಕಣಮ್ಮ. ಇದೇನ್ ಒಸ್ದಾ?"

"ನನ್ ಯಜಮಾನ ಸತ್ತು ಮಣ್ಣಾಗವ್ನೆ. ನನ್ ಕೈನ ಯಾರ್ ಎತ್ತಿದ್ರು? ಕೆರೆಯಿಂದ ಬಿಂದ್ಗೆ ಒರೋವಾಗ ಯಾವ್ ಯಜಮಾನ ಬತ್ತಾನೆ?"

ಕಟ್ಟೆಯ ಮೇಲೆ ಯಾರೋ ಕಿಸಕ್ಕೆಂದರು. ಪ್ರಧಾನರ ಮುಖ ಇಂಗು ತಿಂದ ಮಂಗನಂತಾಯಿತು. "ಕಟ್ಟೆ ಮೇಲಿರೋರ್ದೇ ಲೆಕ್ಕ" ಎಂದು ಗದರಿದರು.

"ಅಂಗಾದ್ರೆ ಅಲ್ಲಿಗೇ ಬತ್ತೀವಿ."

ಚಪ್ಪಲಿ ಬಿಟ್ಟು ಹತ್ತಿಯೇ ಬಿಟ್ಟಳು. ಅವಳ ನೆರೆಮನೆಯ ರಹಮತ್ ಬೀ ಹತ್ತಿದಳು, ಹಿಂದೆಯೇ ಕೆಳಗಿನ ಬೀದಿಯ ಹೆಂಗಸರೆಲ್ಲ. "ನಮ್ಮ ಬೀದಿಗೆ ಅನ್ನೋರು ಕೈ ಎತ್ರಮ್ಮ!" ಎಂದಳು ಶಾಂತಮ್ಮ. ನನಗೂ ಸಿಟ್ಟು ನೆತ್ತಿಗೇರಿತ್ತು, ಜೊತೆಗೆ ಹತ್ತಿ ಕೈ ಎತ್ತಿದೆ. ಶಾಂತಮ್ಮ ನನ್ನ ಕೈ ಹಿಡಿದು ಇಳಿಸಿದಳು.

"ನಿಮ್ ಓಟು ಇಲ್ಲಿಲ್ಲ ಅಕ್ಕಾ. ಒಂದ್ ಕಳ್ಳ ಕೈ ಸಿಕ್ರೆ ನಮ್ದೆಲ್ಲಾ ಕಳ್ಳ ಕೈನೇ ಅಂತಾರೆ."

ಅಷ್ಟು ಸಿಟ್ಟಿನಲ್ಲೂ ಅವಳ ಬುದ್ಧಿ ನೆಟ್ಟಗಿತ್ತು. ಹೆಮ್ಮೆಪಡುತ್ತ ಕೆಳಗಿಳಿದು ನಿಂತೆ.

ಸಭೆ ಮುಗಿಯಿತೆಂದು ಪ್ರಧಾನರು ಎದ್ದರು. ಯಾರೂ ಕೈ ಇಳಿಸಲಿಲ್ಲ. ದಿನಾ ಬಿಂದಿಗೆ ಹೊತ್ತ ಕೈಗಳು, ಅಷ್ಟು ಬೇಗ ಸೋಲುತ್ತವೆಯೇ? ಕೊನೆಗೆ ಮೇಲಿನ ಬೀದಿಯ ಮುದುಕರೊಬ್ಬರೇ ಸಿಡುಕಿದರು: "ಎಣಿಸಪ್ಪಾ ಅತ್ಲಾಗೆ, ನ್ಯಾಯ ನ್ಯಾಯಾನೇ." ಕಾರ್ಯದರ್ಶಿ ಎಣಿಸಿದ. ಈ ಕೈಗಳೇ ಹೆಚ್ಚಿದ್ದವು. ಕೊಳವೆ ಬಾವಿ ಕೆಳಗಿನ ಬೀದಿಗೆ ಬಂತು.

"ಮುಂದಿನ್ ಸಭೆ ಸೋಮವಾರ ಇಡ್ತೀನಿ. ಫ್ಯಾಕ್ಟ್ರಿ ಬಿಟ್ಟು ಯಾರ್ ಬತ್ತೀರೋ ನೋಡಾನ" ಎಂದರು ಪ್ರಧಾನರು.

"ಇಡಿ ಸ್ವಾಮಿ. ರಜಾ ಆಕಿ ಬತ್ತೀವಿ."

ಬಸ್ಸಿಗೆ ಹೊತ್ತಾಗಿತ್ತು. ಊರಿನ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಗಂಡಸರೆಲ್ಲ ಮನೆಗೆ ಹೋಗಿದ್ದರು. ಹೆಂಗಸರು ಇನ್ನೂ ಕಟ್ಟೆಯ ಮೇಲೇ ಕುಳಿತು, ಸೋಮವಾರದ ಸಭೆಯಲ್ಲಿ ಮೊದಲು ಏನು ಕೇಳಬೇಕೆಂದು ಜೋರಾಗಿ ಜಗಳವಾಡುತ್ತಿದ್ದರು.